ಹೊಗಳಿದ್ದು ಅರ್ಜುನನನ್ನು, ನೆನೆದದ್ದು ಕರ್ಣನನ್ನು

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ಮಗಳು ಮೊದಲ ಪಿಯುಸಿ. ಮೊನ್ನೆ ಊಟಕ್ಕೆ ಕೂತಾಗ ಕೇಳಿದಳು: "ಪಂಪ ಮಹಾಕವಿ ಅಂತ ಪರೀಕ್ಷೆಗೆ ಬರೀತೀವಿ. ಆದರೆ ಅವನು ತನ್ನ ದೊರೆಯನ್ನು ಅರ್ಜುನನಿಗೆ ಹೋಲಿಸಿ ಕಾವ್ಯ ಬರೆದು, ಅಗ್ರಹಾರ ಇಸ್ಕೊಂಡವನು. ಹಾಗಿದ್ದ ಮೇಲೆ ದೊಡ್ಡವನು ಹೇಗಪ್ಪಾ?" ನನ್ನಲ್ಲಿ ಉತ್ತರ ಇರಲಿಲ್ಲ. ಒಬ್ಬ ಲೇಖಕ ದೊಡ್ಡವನು, ಓದಲೇಬೇಕಾದವನು ಅಂತ ಯಾವುದನ್ನು ನೋಡಿ ಹೇಳುತ್ತೀರಿ?
(ಓದುಗರೊಬ್ಬರು, ದಾವಣಗೆರೆ)

ಉತ್ತರ: ಮೊದಲು ನಿಮ್ಮ ಮಗಳಿಗೆ ನನ್ನ ಕಡೆಯಿಂದ ಶಹಬ್ಬಾಸ್ ಹೇಳಿ. ಮೂವತ್ತು ವರ್ಷ ಪಿಯು ಮಕ್ಕಳಿಗೆ ಪಂಪನನ್ನು ಪಾಠ ಮಾಡಿದ್ದೇನೆ. ಈ ಪ್ರಶ್ನೆಯನ್ನು ಇಷ್ಟು ನೇರವಾಗಿ ಕೇಳಿದವರು ಕಡಿಮೆ.

ಅವಳು ಹೇಳಿದ್ದರಲ್ಲಿ ಸುಳ್ಳಿಲ್ಲ. ಪಂಪ ವೇಮುಲವಾಡದ ಚಾಲುಕ್ಯ ದೊರೆ ಅರಿಕೇಸರಿಯ ಆಸ್ಥಾನದಲ್ಲಿದ್ದವನು. 'ವಿಕ್ರಮಾರ್ಜುನ ವಿಜಯ'ದಲ್ಲಿ ಅರ್ಜುನನೆಂದರೆ ಅರಿಕೇಸರಿ, ಅರಿಕೇಸರಿಯೆಂದರೆ ಅರ್ಜುನ. ಕಾವ್ಯ ಮುಗಿದ ಮೇಲೆ ಧರ್ಮವುರ ಎಂಬ ಅಗ್ರಹಾರ ಕೊಡುಗೆಯಾಗಿ ಸಿಕ್ಕಿತು. ಅದನ್ನು ಮುಚ್ಚಿಡದೆ ಪಂಪನೇ ಹೇಳಿಕೊಂಡಿದ್ದಾನೆ.

ದೊರೆಗಾಗಿ ಕಥೆಯನ್ನೂ ತಿರುಚಿದ್ದಾನೆ. ಅವನ ಭಾರತದಲ್ಲಿ ದ್ರೌಪದಿ ಐವರ ಹೆಂಡತಿಯಲ್ಲ, ಅರ್ಜುನನೊಬ್ಬನ ಹೆಂಡತಿ. ಆದರೆ ಅವಳ ಮುಡಿಗೆ ಕೈಹಾಕಿದ ದುಶ್ಶಾಸನನ ಎದೆ ಬಗೆಯುವವನು ಇಲ್ಲಿಯೂ ಭೀಮನೇ. ಯುದ್ಧವೆಲ್ಲ ಮುಗಿದು ಪಟ್ಟಾಭಿಷೇಕ ಆಗುವುದು ಧರ್ಮರಾಯನಿಗಲ್ಲ, ಅರ್ಜುನನಿಗೆ. ಪಕ್ಕದಲ್ಲಿ ಪಟ್ಟದ ರಾಣಿಯಾಗಿ ಕೂರುವವಳು ಸುಭದ್ರೆ. ಇಡೀ ಯುದ್ಧಕ್ಕೆ ಕಿಡಿಯಾದ ದ್ರೌಪದಿಗೆ ಆ ಜಾಗವಿಲ್ಲ. ದೊರೆಯ ಅಳತೆಗೆ ಬಟ್ಟೆ ಕತ್ತರಿಸಿದ್ದರಿಂದ ಹೊಲಿಗೆ ಅಲ್ಲಲ್ಲಿ ಎದ್ದು ಕಾಣುತ್ತದೆ. ದೊಡ್ಡ ಕವಿ ಎಂದ ಮಾತ್ರಕ್ಕೆ ಇದನ್ನು ಮಕ್ಕಳಿಂದ ಮುಚ್ಚಿಡಬೇಕಾಗಿಲ್ಲ.

ಇನ್ನು ಕರ್ಣನ ಕಡೆಗೆ ಬನ್ನಿ. ಅರ್ಜುನನನ್ನು ಹೊಗಳಲೆಂದೇ ಕೂತ ಕವಿಗೆ ಕರ್ಣ ಯಾರು? ಎದುರಾಳಿ. ನಾಯಕನ ಕೈಯಲ್ಲಿ ಸಾಯಬೇಕಾದವನು. ಅವನನ್ನು ಒಬ್ಬ ಗಟ್ಟಿ ಬಿಲ್ಲುಗಾರನಾಗಿ ತೋರಿಸಿದ್ದರೆ ಸಾಕಿತ್ತು. ಗಟ್ಟಿಗನನ್ನು ಗೆದ್ದ ಕೀರ್ತಿ ಅರ್ಜುನನಿಗೆ, ಅಂದರೆ ದೊರೆಗೆ ಸಲ್ಲುತ್ತಿತ್ತು. ಆಸ್ಥಾನ ಅಷ್ಟೇ ಕೇಳಿತ್ತು. ಪಂಪ ಅಲ್ಲಿಗೆ ನಿಲ್ಲಲಿಲ್ಲ.

ಕೃಷ್ಣ ಬಂದು ಕರ್ಣನಿಗೆ ಹುಟ್ಟಿನ ಗುಟ್ಟು ಹೇಳುತ್ತಾನೆ: ನೀನೇ ಪಾಂಡವರಲ್ಲಿ ಹಿರಿಯ, ರಾಜ್ಯ ನಿನ್ನದು, ಬಾ. ಆಗ ಕರ್ಣ ಒಂದು ಹಳೆಯ ಸಂಗತಿ ನೆನೆಯುತ್ತಾನೆ. ದುರ್ಯೋಧನನ ಹೆಂಡತಿ ಭಾನುಮತಿಯ ಜೊತೆ ಪಗಡೆಯಾಡುತ್ತಿದ್ದ ದಿನ ಅದು. ಅವಳು ಸೋತಳು, ಪಣ ಕೊಡೆಂದು ಇವನು ಕಾಡಿದ, ಆ ಗಲಾಟೆಯಲ್ಲಿ ಮುತ್ತಿನ ಹಾರ ಕಡಿದು ಮುತ್ತೆಲ್ಲ ಚೆಲ್ಲಿತು. ಅದನ್ನು ಕಂಡ ದುರ್ಯೋಧನನ ಮನಸ್ಸಿನಲ್ಲಿ ಒಂದು ಎಳೆ ಅನುಮಾನವೂ ಏಳಲಿಲ್ಲ. ಮುತ್ತು ಆಯ್ದುಕೊಡಲೇ ಎಂದು ಕೇಳಿದ. ಅಂಥವನನ್ನು ಬಿಟ್ಟು ನಿಮ್ಮ ಕಡೆ ಬಂದರೆ ನಾನು ಎಂಥ ಮನುಷ್ಯ ಎನ್ನುವುದು ಕರ್ಣನ ಉತ್ತರ. ಗೆಳೆತನವೆಂದರೆ ಏನು ಎಂದು ಈ ಮುತ್ತುಗಳು ಹೇಳಿದಷ್ಟು ಚೆನ್ನಾಗಿ ನನಗೆ ಬೇರೆ ಯಾವ ವಿವರಣೆಯೂ ಹೇಳಿಲ್ಲ.

ಮುಂದೆ ಕೌರವರ ಸಭೆಯಲ್ಲಿ ಕುಲದ ಮಾತು ಬಂದಾಗ ಕರ್ಣ ಸಿಡಿಯುತ್ತಾನೆ: 'ಕುಲಂ ಕುಲಮಲ್ತು, ಚಲಂ ಕುಲಂ, ಗುಣಂ ಕುಲಂ, ಅಭಿಮಾನಮೊಂದೆ ಕುಲಂ, ಅಣ್ಮು ಕುಲಂ'. ಅಣ್ಮು ಅಂದರೆ ಪರಾಕ್ರಮ. ಒಂದು ಸಾವಿರ ವರ್ಷದ ಹಿಂದಿನ ಮಾತು ಇದು. ಪಂಪನ ತಂದೆ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿ ಜೈನಧರ್ಮ ಹಿಡಿದವನು. ವಿಪ್ರಕುಲ ಎಲ್ಲಕ್ಕಿಂತ ಉತ್ತಮ ಎಂಬ ಹೆಮ್ಮೆಯೂ ಪಂಪನಿಗೆ ಇತ್ತು, ಕಾವ್ಯದಲ್ಲೇ ಬರೆದುಕೊಂಡಿದ್ದಾನೆ. ಆ ಹೆಮ್ಮೆ ಇದ್ದವನೇ ಸೂತನೆಂದು ಹೀಯಾಳಿಸಿಕೊಂಡವನ ಬಾಯಲ್ಲಿ ಈ ಮಾತು ಆಡಿಸಿದ. ಬರೆಯುವ ಹೊತ್ತಿಗೆ ಕರ್ಣ ಅವನ ಹಿಡಿತ ಮೀರಿ ಬೆಳೆದಿದ್ದ ಎಂದೇ ನನಗೆ ಅನ್ನಿಸುತ್ತದೆ.

ಕರ್ಣ ಬಿದ್ದ ಸಂಜೆಯನ್ನು ನೋಡಿ. ಸೂರ್ಯ ಮುಳುಗಿದ ಎಂದು ಯಾರಾದರೂ ಬರೆಯಬಹುದು. ಪಂಪನ ಸೂರ್ಯ ಮಗನನ್ನು ಕಳೆದುಕೊಂಡ ತಂದೆ. ಬಾವುಟ ಇಳಿಸಿ, ರಥ ನಡೆಸು ಎಂದು ಹೆಳವ ಸಾರಥಿಗೆ ಹೇಳಿ, ಸಾವಿನ ಸ್ನಾನಕ್ಕೆ ನೀರಿಗೆ ಇಳಿಯುವವರಂತೆ ಪಡುವಣ ಕಡಲಿಗೆ ಇಳಿಯುತ್ತಾನೆ. ತರಗತಿಯಲ್ಲಿ ಈ ಪದ್ಯ ಓದುವಾಗ ಎಷ್ಟೋ ಸಲ ನನ್ನ ಗಂಟಲು ಕಟ್ಟಿದೆ.

ಇದೇ ಭಾಗದಲ್ಲಿ ಬರುತ್ತದೆ ಆ ಮಾತು: 'ನೆನೆಯದಿರಣ್ಣ ಭಾರತದೊಳಿಂ ಪೆರರಾರುಮನ್, ಒಂದೆ ಚಿತ್ತದಿಂ ನೆನೆವೊಡೆ ಕರ್ಣನಂ ನೆನೆಯ'. ಭಾರತದಲ್ಲಿ ಬೇರೆ ಯಾರನ್ನೂ ನೆನೆಯಬೇಡ ಅಣ್ಣಾ, ನೆನೆಯುವುದಾದರೆ ಕರ್ಣನನ್ನು ನೆನೆ. ಅರ್ಜುನನ ಹೆಸರಿನ ಕಾವ್ಯದಲ್ಲಿ ಹೀಗೆ! ಅರಿಕೇಸರಿಯ ಎದುರಿಗೆ ಇದನ್ನು ಓದಿದ ಗಳಿಗೆಯನ್ನು ಒಮ್ಮೆ ಕಲ್ಪಿಸಿಕೊಳ್ಳಿ. ಕೊನೆಯ ಆಶ್ವಾಸದಲ್ಲಿ, ಅಂದರೆ ಅಧ್ಯಾಯದಲ್ಲಿ, ಭಾರತ ಲೋಕಪೂಜ್ಯವಾದದ್ದು ಯಾರು ಯಾರಿಂದ ಎಂದು ಎಣಿಸುವಾಗಲೂ ಮೊದಲ ಹೆಸರು ಛಲದ ದುರ್ಯೋಧನನದು, ಎರಡನೆಯದು ನನ್ನಿಯ, ಅಂದರೆ ಸತ್ಯದ, ಕರ್ಣನದು. ಅರ್ಜುನನ ಸರದಿ ಏಳನೆಯದು. ಇಷ್ಟಾದರೂ ದೊರೆ ಅಗ್ರಹಾರ ಕೊಟ್ಟ. ಅದು ದೊರೆಯ ದೊಡ್ಡತನ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದರಲ್ಲೇ ಇದೆ. ಲೇಖಕ ತಾನು ಯಾರ ಪರ ನಿಂತು ಬರೆಯಲು ಶುರುಮಾಡಿದನೋ ಅವರನ್ನು ದಾಟಿ, ಎದುರಿಗಿದ್ದವನ ಎದೆಗೂ ಇಳಿಯುತ್ತಾನೆಯೇ? ಇಳಿದರೆ ಅವನು ಓದಲೇಬೇಕಾದವನು. ಭಾಷೆಯ ಹಿಡಿತ, ಪಾಂಡಿತ್ಯ, ಕಥೆ ಕಟ್ಟುವ ಜಾಣತನ ಇವೆಲ್ಲ ಬೇಕು. ಆದರೆ ಅಷ್ಟು ಇದ್ದವರು ಪ್ರತಿ ಕಾಲದಲ್ಲೂ ನೂರಾರು ಜನ ಇರುತ್ತಾರೆ. ಇಂದಿನ ಲೇಖಕರಿಗೂ ಅರಿಕೇಸರಿಗಳು ಇದ್ದಾರೆ: ತನ್ನ ಜಾತಿ, ತನ್ನ ಪಕ್ಷ, ಚಪ್ಪಾಳೆ ಹೊಡೆಯುವ ತನ್ನದೇ ಓದುಗರು. ಹೊಸ ಪುಸ್ತಕ ಕೈಗೆತ್ತಿಕೊಂಡಾಗ ನಾನು ಮೊದಲು ಹುಡುಕುವುದು ಅದರ ಕರ್ಣನನ್ನು. ಮಗಳಿಗೂ ಹಾಗೇ ಹುಡುಕಲು ಹೇಳಿ. ಪರೀಕ್ಷೆಯಲ್ಲಿ ಧರ್ಮವುರದ ವಿಷಯವನ್ನೂ ಬರೆಯಲಿ, ಧೈರ್ಯವಾಗಿ.

ಪ್ರಶ್ನೆ: 'ಮಲೆಗಳಲ್ಲಿ ಮದುಮಗಳು' ಓದದಿದ್ದರೆ ಕನ್ನಡ ಓದಿದಂತೆಯೇ ಅಲ್ಲ ಎಂದು ಗೆಳತಿ ಹೇಳಿದಳೆಂದು ಪುಸ್ತಕ ತಂದೆ. ಅರವತ್ತು ಪುಟಕ್ಕೆ ಸೋತೆ. ಎಷ್ಟು ಮನೆ, ಎಷ್ಟು ಜನ, ಎಷ್ಟು ಕಾಡು! ಸುಲಭವಾಗಿ ಓದಿಸಿಕೊಳ್ಳುವುದು ದೊಡ್ಡ ಲೇಖಕನ ಗುಣ ಅಲ್ಲವೇ? ತಪ್ಪು ನನ್ನದೋ, ಪುಸ್ತಕದ್ದೋ?
(ಓದುಗರೊಬ್ಬರು, ಕಲಬುರಗಿ)

ಉತ್ತರ: ಯಾರದೂ ಅಲ್ಲ. ನಾನೂ ಮೊದಲ ಸಲ ಅರ್ಧಕ್ಕೇ ಬಿಟ್ಟಿದ್ದೆ. ಎರಡು ವರ್ಷ ಬಿಟ್ಟು ಮಳೆಗಾಲದ ರಜೆಯಲ್ಲಿ ಮತ್ತೆ ಹಿಡಿದಾಗ ಬಿಡಲಾಗಲಿಲ್ಲ.

ಓದಲು ಕಷ್ಟವಾಗುವುದರಲ್ಲಿ ಎರಡು ಬಗೆ ಇವೆ. ಬರೆಯುವವನಿಗೇ ಹೇಳಬೇಕಾದ್ದು ಸ್ಪಷ್ಟವಾಗಿಲ್ಲದೆ ಪದಗಳ ಹೊಗೆ ಎಬ್ಬಿಸುವುದು ಒಂದು. ಅಂಥದ್ದನ್ನು ಧಾರಾಳವಾಗಿ ಕೈಬಿಡಿ. ಇನ್ನೊಂದು, ತನ್ನ ಊರಿನ ನಡಿಗೆಗೆ ನಮ್ಮನ್ನು ಒಗ್ಗಿಸಿಕೊಳ್ಳುವುದು. ಕುವೆಂಪು 1967ರಲ್ಲಿ ತಂದ ಈ ಕಾದಂಬರಿ ಎರಡನೆಯ ಬಗೆಯದು. ನೀವು ಬಯಲುಸೀಮೆಯವರು, ನಿಮ್ಮಲ್ಲಿ ನಿಂತ ಕಡೆಯಿಂದಲೇ ಮುಂದಿನ ಊರು ಕಾಣುತ್ತದೆ. ಮಲೆನಾಡಿನಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಬೇಕಾದರೆ ಗುಡ್ಡ ಹತ್ತಿ ಇಳಿಯಬೇಕು, ಹಳ್ಳ ದಾಟಬೇಕು. ಕಾದಂಬರಿಯಲ್ಲೂ ಒಬ್ಬರ ಕಥೆಯಿಂದ ಇನ್ನೊಬ್ಬರ ಕಥೆಗೆ ಹೋಗುವ ದಾರಿ ಹಾಗೇ ಇದೆ.

ಓದುವಾಗ ಸಿಂಬಾವಿ, ಬೆಟ್ಟಳ್ಳಿ, ಹೂವಳ್ಳಿ, ಕೋಣೂರು ಎಂದು ಪಟ್ಟಿ ಮಾಡಿಕೊಂಡು ಕೂರಬೇಡಿ. ನಾಯಿಗುತ್ತಿಯ ಹಿಂದೆ ಹೋಗಿ ಸಾಕು. ಸಿಂಬಾವಿ ಹೆಗ್ಗಡೆಯವರ ಜೀತದಾಳು ಅವನು, ಜೊತೆಗೆ ಸದಾ ಹುಲಿಯ ಎಂಬ ನಾಯಿ. ತಾನು ಮೆಚ್ಚಿದ ತಿಮ್ಮಿಯನ್ನು ಹಾರಿಸಿಕೊಂಡು ಹೋಗಬೇಕೆಂದು ಹೊರಟಿದ್ದಾನೆ. ಅವನು ನಡೆದಲ್ಲಿ ನಡೆಯಿರಿ, ಕೂತಲ್ಲಿ ಕೂರಿ. ಮನೆಗಳೂ ಹೆಗ್ಗಡೆಯವರೂ ತಾವಾಗಿ ಪರಿಚಯವಾಗುತ್ತಾರೆ. ಮಲೆನಾಡಿಗೆ ಮೊದಲ ಬೈಸಿಕಲ್ಲು ಬಂದಾಗ ಜನ ಅದನ್ನು ಬೀಸೆಕಲ್ಲಿನ ಸವಾರಿ ಎಂದು ಕರೆಯುವ ಭಾಗಕ್ಕೆ ಬರುವಷ್ಟರಲ್ಲಿ ನೀವು ನಗುತ್ತಿರುತ್ತೀರಿ. ಕೊನೆಯಲ್ಲಿ ತುಂಬಿ ಹರಿಯುವ ತುಂಗೆಯ ದಡದಲ್ಲಿ, ಒಂದು ನಾಯಿಗಾಗಿ ಎದೆ ಹಿಂಡಿದಂತಾಗುತ್ತದೆ. ಕುವೆಂಪು ಸ್ವತಃ ಕುಪ್ಪಳಿಯ ಒಡೆಯರ ಮನೆಯ ಮಗ. ಅವರು ಕಥೆ ಶುರುಮಾಡಿದ್ದು ಚಾವಡಿಯಲ್ಲಿ ಕೂತ ಹೆಗ್ಗಡೆಯಿಂದಲ್ಲ, ಹೊಳೆ ದಾಟಿ ಬರುವ ಜೀತದವನಿಂದ. ಮೇಲಿನ ಉತ್ತರದಲ್ಲಿ ಕರ್ಣನ ಬಗ್ಗೆ ಹೇಳಿದ್ದನ್ನು ಇಲ್ಲಿಯೂ ನೆನಪಿಟ್ಟುಕೊಳ್ಳಿ.

ದೇವನೂರ ಮಹಾದೇವರ 'ಕುಸುಮಬಾಲೆ'ಯನ್ನೂ ನಿಮ್ಮಂತೆಯೇ ಹಲವರು ಕೆಲವು ಪುಟಕ್ಕೆ ಮುಚ್ಚಿಡುತ್ತಾರೆ, ನಂಜನಗೂಡು ಸೀಮೆಯ ಆಡುಮಾತು ಕಣ್ಣಿಗೆ ತೊಡಕಾಗುತ್ತದೆಂದು. ಅದನ್ನು ಕಣ್ಣಲ್ಲಿ ಓದಬೇಡಿ, ಬಾಯಿಬಿಟ್ಟು ಓದಿ. ದೀಪದ ಜೋತಮ್ಮಗಳು ಒಂದೆಡೆ ಸೇರಿ ಕಷ್ಟಸುಖ ಮಾತಾಡುವುದು, ಮಂಚಕ್ಕೆ ಬಾಯಿ ಬರುವುದು, ಇವೆಲ್ಲ ಅಜ್ಜಿಯ ಕಥೆಯ ಹಾಗೆ ಕಿವಿಗೆ ಬೀಳಬೇಕು. ನಿಮ್ಮ ಕಲಬುರಗಿ ನಾಲಿಗೆಯಲ್ಲೇ ಓದಿ ನೋಡಿ, ಪರವಾಗಿಲ್ಲ.

ಇಷ್ಟೆಲ್ಲ ಮಾಡಿಯೂ ಹಿಡಿಸಲಿಲ್ಲವೆಂದರೆ ಪುಸ್ತಕವನ್ನು ಕಪಾಟಿನಲ್ಲಿಡಿ. ಗೆಳತಿಯ ಮಾತಿಗೆ ನೊಂದುಕೊಳ್ಳಬೇಡಿ. ಪುಸ್ತಕ ಹಳಸುವ ಅಡುಗೆಯಲ್ಲ.

ಪ್ರಶ್ನೆ: ಶಾಲಾ ಶಿಕ್ಷಕ, ವಯಸ್ಸು 41. ಎರಡು ಕಥಾಸಂಕಲನ ಬಂದಿವೆ. ಯಾರೂ ಗುರುತಿಸಿಲ್ಲ. ಎಷ್ಟು ಬರೆದರೆ ಲೇಖಕ ಎನ್ನಿಸಿಕೊಳ್ಳಬಹುದು? ವರ್ಷಕ್ಕೊಂದು ಪುಸ್ತಕ ತರದಿದ್ದರೆ ಜನ ಮರೆಯುತ್ತಾರೆ ಎನ್ನುತ್ತಾರೆ.
(ಓದುಗರೊಬ್ಬರು, ಉಡುಪಿ ಜಿಲ್ಲೆ)

ಉತ್ತರ: ಲೆಕ್ಕದಿಂದ ಇದನ್ನು ಹೇಳಲು ಬರುವುದಿಲ್ಲ. ನಿಮ್ಮದೇ ಜಿಲ್ಲೆಯ ಕೋಟದ ಶಿವರಾಮ ಕಾರಂತರು ನಲವತ್ತಕ್ಕೂ ಹೆಚ್ಚು ಕಾದಂಬರಿ ಬರೆದರು. ಅದರ ಮೇಲೆ ಯಕ್ಷಗಾನ, ವಿಜ್ಞಾನ, ಮಕ್ಕಳ ಪುಸ್ತಕ ಬೇರೆ. ದೇವನೂರರ ಕಥೆ ಕಾದಂಬರಿ ಎಲ್ಲ ಸೇರಿಸಿ ಹೊಲಿದರೂ ಒಂದು ತೆಳು ಪುಸ್ತಕ. ಇಬ್ಬರಲ್ಲಿ ಒಬ್ಬರನ್ನು ಬಿಟ್ಟು ಕನ್ನಡ ಗದ್ಯದ ಮಾತಾಡಿ ನೋಡಿ, ಆಗುವುದಿಲ್ಲ.

ಗುರುತಿನ ವಿಷಯಕ್ಕೆ ನಿಮ್ಮ ಸೀಮೆಯವರೇ ಆದ ಇನ್ನೊಬ್ಬ ಶಿಕ್ಷಕರ ಕಥೆ ಹೇಳುತ್ತೇನೆ. ನಂದಳಿಕೆಯ ಲಕ್ಷ್ಮೀನಾರಣಪ್ಪ, ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕರು. 1870ರಲ್ಲಿ ಹುಟ್ಟಿ 1901ರಲ್ಲಿ, ಮೂವತ್ತೊಂದು ತುಂಬಿದ ಕೆಲವೇ ವಾರಗಳಲ್ಲಿ ಕ್ಷಯದಿಂದ ತೀರಿಕೊಂಡರು. 'ಶ್ರೀರಾಮಾಶ್ವಮೇಧ' ಬರೆದಾಗ ಅದು ತನ್ನದೆಂದು ಹೇಳಿಕೊಳ್ಳಲಿಲ್ಲ. ಹಳೆಯ ಕಾಲದ ಕವಿಯೊಬ್ಬನ ಕೃತಿ ಎಂಬಂತೆ ಮೈಸೂರಿಗೆ ಕಳಿಸಿದರು. ಓದಿದವರು ಹಳೆಯ ಕೃತಿಯೆಂದೇ ಮೆಚ್ಚಿದರು. ಮುದ್ದಣ ಎಂದರೆ ಈ ಬಡ ಮೇಷ್ಟ್ರು ಎಂದು ಕನ್ನಡಕ್ಕೆ ತಿಳಿಯುವ ಹೊತ್ತಿಗೆ ಅವರು ಇರಲಿಲ್ಲ. ಆ ಸಂಕಟ ನಿಮಗೆ ಬರಬಾರದು ಎಂದೇ ನನ್ನ ಆಸೆ. ಆದರೆ ನೂರಿಪ್ಪತ್ತು ವರ್ಷ ದಾಟಿದ ಮೇಲೂ ಆ ಪುಸ್ತಕ ಉಳಿದದ್ದು ಹೇಗೆ ಎಂದು ಬರೆಯುವವರು ನೋಡಬೇಕು.

ಅದರಲ್ಲಿ ರಾಮನ ಕಥೆಗಿಂತ ಹೆಚ್ಚು ಜನ ನೆನಪಿಟ್ಟುಕೊಂಡಿರುವುದು ನಡುನಡುವೆ ಬರುವ ಗಂಡಹೆಂಡಿರ ಮಾತನ್ನು. ಮಳೆಗಾಲದಲ್ಲಿ ಹೊತ್ತು ಹೋಗಲೆಂದು ಮನೋರಮೆ ಕಥೆ ಕೇಳುತ್ತಾಳೆ. ಪದ್ಯವೋ ಗದ್ಯವೋ ಎಂದರೆ 'ಪದ್ಯಂ ವಧ್ಯಂ, ಗದ್ಯಂ ಹೃದ್ಯಂ' ಎಂದು ತೀರ್ಪು ಕೊಡುತ್ತಾಳೆ. ಮುದ್ದಣ ಸಂಸ್ಕೃತದ ಬಿಗಿ ಪದಗಳಲ್ಲಿ ತೊಡಗಿದರೆ, ನೀರಿಳಿಯದ ಗಂಟಲಲ್ಲಿ ಕಡುಬು ತುರುಕಿದಂತಾಯಿತು ಎಂದು ತಡೆಯುತ್ತಾಳೆ. ಕವಿ ಸಿಟ್ಟಾಗುವುದಿಲ್ಲ, ನಿಂತು ದಾರಿ ಬದಲಿಸುತ್ತಾನೆ.

ನಿಮ್ಮ ಮೂರನೆಯ ಸಂಕಲನವನ್ನು ಮುದ್ರಣಕ್ಕೆ ಕೊಡುವ ಮೊದಲು ಮನೆಯಲ್ಲೋ ಶಾಲೆಯಲ್ಲೋ ಅಂಥ ಒಬ್ಬರನ್ನು ಎದುರಿಗೆ ಕೂರಿಸಿಕೊಂಡು ಗಟ್ಟಿಯಾಗಿ ಓದಿ. ಅವರು ತಡೆದ ಕಡೆ ಪೆನ್ಸಿಲ್ಲಿನಿಂದ ಗೆರೆ ಎಳೆಯಿರಿ. ಮೊದಲ ಕಥೆ ಹಾಗೆ ಓದಿ ಆದ ಮೇಲೆ, ಗೆರೆ ಎಳೆದ ಪ್ರತಿಯನ್ನೇ ನನಗೆ ಕಳಿಸಿ. ನಾನೂ ಓದುತ್ತೇನೆ.