ಹೆಲ್ಮೆಟ್ ತೆಗೆಯದೆ ಕೂರುವ ಇಪ್ಪತ್ತು ನಿಮಿಷ

ಪ್ರಶ್ನೆ: ನನಗೆ 36 ವರ್ಷ, ಎಮರ್ಜೆನ್ಸಿ ವಾರ್ಡ್‌ನಲ್ಲಿ ನರ್ಸ್. ಎರಡು ತಿಂಗಳ ಹಿಂದೆ ನನ್ನ ಡ್ಯೂಟಿಯಲ್ಲೇ ಒಂದು ಮಗು ತೀರಿಕೊಂಡಿತು. ಯಾರದ್ದೂ ತಪ್ಪಿರಲಿಲ್ಲ. ಅಂದಿನಿಂದ ನಿದ್ದೆಯಿಲ್ಲ. ಸಣ್ಣದಕ್ಕೂ ಹೆಂಡತಿಯ ಮೇಲೆ ರೇಗುತ್ತೇನೆ. ಮನೆ ಮುಂದೆ ಬೈಕ್ ನಿಲ್ಲಿಸಿ, ಹೆಲ್ಮೆಟ್ ತೆಗೆಯದೆ ಇಪ್ಪತ್ತು ನಿಮಿಷ ಕೂತಿರುತ್ತೇನೆ. ಹೇಳಿಕೊಂಡರೆ ‘ಇವನ ಕೈಲಿ ಆಗಲ್ಲ’ ಅಂತಾರೇನೋ ಎಂಬ ಭಯ. ಹೇಳಲೋ ಬೇಡವೋ?

ಉತ್ತರ: ಹೇಳಿ.

ಹೆಲ್ಮೆಟ್ ವಿಷಯ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಮುಖ ಯಾರಿಗೂ ಕಾಣದ ಜಾಗ ನಿಮಗೆ ಅದೊಂದೇ ಉಳಿದಿದೆ, ಅಲ್ವಾ?

ಗಂಡಸರಲ್ಲಿ ದುಃಖ, ಖಿನ್ನತೆ ಎಷ್ಟೋ ಸಲ ಸಿಟ್ಟಾಗಿ, ಕುಡಿತವಾಗಿ ಹೊರಬರುತ್ತದೆ. ಅದಕ್ಕೇ ಪಕ್ಕದಲ್ಲಿದ್ದವರಿಗೂ ಗೊತ್ತಾಗುವುದಿಲ್ಲ. ನಿಮ್ಮ ರೇಗಾಟದ ಒಳಗಿರುವುದು ಆ ಮಗು ಅಂತ ನನಗನ್ನಿಸುತ್ತದೆ. ಚಿಕಿತ್ಸೆಯಲ್ಲಿ ತಪ್ಪಾದಾಗ ವೈದ್ಯರೂ ಒಳಗೊಳಗೇ ಕುಸಿಯುತ್ತಾರೆ ಎಂದು ಆಲ್ಬರ್ಟ್ ವೂ ಎಂಬ ವೈದ್ಯರು 2000ದಲ್ಲೇ ಬರೆದರು, ರೋಗಿ ಮೊದಲ ಬಲಿಪಶುವಾದರೆ ಇಂಥ ವೈದ್ಯರು ‘ಎರಡನೇ ಬಲಿಪಶು’ ಎಂದರು. ತಪ್ಪೇ ಆಗದಿದ್ದರೂ ನರ್ಸ್‌ಗಳಿಗೆ ಹೀಗಾಗುತ್ತದೆ ಎಂಬುದು ಈಗ ಗೊತ್ತಿರುವ ವಿಷಯ. ಕೈಲಾಗದವರಿಗೆ ಬರುವ ಕಾಯಿಲೆಯಲ್ಲ ಇದು.

ಮೊದಲು ಹೆಂಡತಿಗೆ ಹೇಳಿ. ಬೈಕ್ ನಿಂತ ಸದ್ದು ಅವರಿಗೆ ದಿನವೂ ಕೇಳಿಸಿರುತ್ತದೆ. ಎಲ್ಲವನ್ನೂ ಬಿಡಿಸಿ ಹೇಳಬೇಕೆಂದಿಲ್ಲ. ಡ್ಯೂಟಿ ಬಿಡುವಾಗ ಮುಂದಿನ ನರ್ಸ್‌ಗೆ ರೋಗಿಗಳ ವಿಷಯ ಹೇಳಿ ಹ್ಯಾಂಡೋವರ್ ಕೊಡುತ್ತೀರಲ್ಲ, ಅಷ್ಟೇ ಚಿಕ್ಕದಾಗಿ: “ಆ ಮಗು ಇನ್ನೂ ಕಣ್ಮುಂದೆ ಬರುತ್ತೆ. ಈಗ ಮಾತಾಡೋಕಾಗಲ್ಲ. ಪಕ್ಕದಲ್ಲಿ ಕೂತಿರು.” ರೇಗಿದ್ದಕ್ಕೆ ಕ್ಷಮೆಯನ್ನೂ ಕೇಳಿ.

ಇನ್‌ಚಾರ್ಜ್ ಹತ್ತಿರ ಹೋದಾಗ ‘ನನ್ನ ಕೈಲಿ ಆಗ್ತಿಲ್ಲ’ ಅನ್ನುವ ಬದಲು ಏನು ಬೇಕೋ ಅದನ್ನು ಕೇಳಿ. ಒಂದಷ್ಟು ದಿನ ನೈಟ್ ಡ್ಯೂಟಿ ಬೇಡ, ಇಂತಿಷ್ಟು ದಿನ ರಜೆ ಬೇಕು ಅಂತ. ಒಬ್ಬರೇ ಹೋಗಲು ಹಿಂಜರಿಕೆಯಾದರೆ ನಂಬಿಕೆಯ ಸೀನಿಯರ್ ಒಬ್ಬರನ್ನು ಕರೆದುಕೊಂಡು ಹೋಗಿ.

ಹೀಗೇ ಎರಡು ವಾರ ದಾಟಿದರೇ ವೈದ್ಯರಿಗೆ ತೋರಿಸಿ ಎಂದು ನೀವೇ ಬೇರೆಯವರಿಗೆ ಹೇಳುತ್ತಿದ್ದಿರಿ. ನಿಮಗೆ ಎರಡು ತಿಂಗಳಾಗಿದೆ. ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಈ ವಾರವೇ ನೋಡಿ. ನಿಮ್ಮ ಆಸ್ಪತ್ರೆಯಲ್ಲಿ ಮುಜುಗರ ಅನ್ನಿಸಿದರೆ ಬೇರೆ ಕಡೆ ಹೋಗಿ.

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಔಷಧಿ ಕೈಗೆಟಕುವ ಕೆಲಸ ನಿಮ್ಮದು. ನಿದ್ದೆಗೆಂದು ನೀವಾಗಿಯೇ ಮಾತ್ರೆ ನುಂಗಬೇಡಿ. ಬದುಕೇ ಬೇಡ ಅನ್ನಿಸಿದರೆ ಆ ಕ್ಷಣವೇ ಯಾರಿಗಾದರೂ ಹೇಳಿ, ಒಬ್ಬರೇ ಇರಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಒಂದು ತಿಂಗಳು ಬಿಟ್ಟು ಮತ್ತೆ ಬರೆಯಿರಿ. ನಿದ್ದೆ ಹೇಗಿದೆ ಅಂತ ಮೊದಲು ತಿಳಿಸಿ.