ದೊಡ್ಡ ಕಂಪನಿಗಳಲ್ಲಿ ಸಣ್ಣ ಖರೀದಿಗೂ ಆರು ಸಹಿ ಯಾಕೆ ಬೇಕಾಗುತ್ತದೆ?

ತಪ್ಪಾದರೆ ಹೊಣೆ ಯಾರದೆಂದು ಹುಡುಕುತ್ತಾರೆ, ತಡವಾದರೆ ಯಾರೂ ಹುಡುಕುವುದಿಲ್ಲ. ಮುಖ್ಯ ಕಾರಣ ಅದೇ. ಒಂದೇ ಬಿಲ್ಲಿಗೆ ಎರಡು ಸಲ ಹಣ ಹೋಗಿರುತ್ತದೆ, ಆಡಿಟ್‌ನವರು ಕೇಳುತ್ತಾರೆ, ಮೇಲಿನವರು ಒಂದು ಸಹಿ ಸೇರಿಸುತ್ತಾರೆ. ಆ ಸಹಿಯನ್ನು ತೆಗೆಯುವ ಕೆಲಸ ಮಾತ್ರ ಯಾರದ್ದೂ ಅಲ್ಲ. ತೆಗೆದ ಮೇಲೆ ಎಡವಟ್ಟಾದರೆ ತೆಗೆದವರ ತಲೆಗೇ ಬರುತ್ತದೆ.

ಸಹಿಗಳು ಒಂದಾದ ಮೇಲೆ ಒಂದು ಆಗಬೇಕಾದ್ದರಿಂದ ತಡ ಕೂಡುತ್ತಾ ಹೋಗುತ್ತದೆ. ಆರು ಮೇಜು, ಒಂದೊಂದರಲ್ಲಿ ಎರಡು ದಿನ ಅಂದರೆ 12 ದಿನ. ಓದುವುದಕ್ಕೆ ಐದು ನಿಮಿಷ ಸಾಕು, ಉಳಿದದ್ದೆಲ್ಲ ಕಾಯುವುದು. ಇಷ್ಟಾದರೂ ಪರಿಶೀಲನೆ ಬಿಗಿಯಾಗುವುದಿಲ್ಲ: ಇನ್ನೊಬ್ಬರು ನೋಡಿರುತ್ತಾರೆ ಅಂದುಕೊಂಡು ಎಲ್ಲರೂ ಒತ್ತಿಬಿಡುತ್ತಾರೆ.

ಕೆಲಸ ಹೆಚ್ಚಿದ್ದರಿಂದಲೇ ಕಚೇರಿ ಬೆಳೆದು, ಸಹಿ ಹಾಕುವವರು ಹೆಚ್ಚಾದರು ಅನ್ನುವಂತೆಯೂ ಇಲ್ಲ. ಬ್ರಿಟಿಷ್ ನೌಕಾಪಡೆಯ ದೊಡ್ಡ ಯುದ್ಧನೌಕೆಗಳು 1914ರಲ್ಲಿ 62 ಇದ್ದವು, 1928ಕ್ಕೆ 20ಕ್ಕಿಳಿದವು. ಅದರ ಕಚೇರಿ ಅಧಿಕಾರಿಗಳು ಮಾತ್ರ 2,000ದಿಂದ 3,569ಕ್ಕೇರಿದರು.

ಪರಿಹಾರ? ಹೊಸ ಸಹಿ ಸೇರಿಸುವಾಗಲೇ ಅದಕ್ಕೊಂದು ಮುಕ್ತಾಯದ ದಿನಾಂಕ ಹಾಕಿ. ಕಡತವನ್ನು ಎಲ್ಲರಿಗೂ ಒಟ್ಟಿಗೇ ಕಳಿಸಿ. ಹತ್ತು ಸಾವಿರ ರೂಪಾಯಿಯೊಳಗಿನ ಖರೀದಿಗೆ ಒಂದೇ ಸಹಿ ಸಾಕೆನ್ನಿ. ಆದರೆ ಮಿತಿಯಿಟ್ಟ ಮೇಲೆ ಬಿಲ್ಲನ್ನು ಒಡೆದು ಚಿಕ್ಕದು ಮಾಡುವವರು ಹುಟ್ಟಿಕೊಳ್ಳುತ್ತಾರೆ, ಹಾಗಾಗಿ ಒಂದೊಂದು ಬಿಲ್ಲಿಗಲ್ಲ, ಒಬ್ಬ ಮಾರಾಟಗಾರನ ತಿಂಗಳ ಒಟ್ಟು ಮೊತ್ತಕ್ಕೆ ಮಿತಿ ಇಡಬೇಕು.