ಮಂಗಳೂರಿನ ಸೆಖೆಯಲ್ಲಿ ಹಳೇ ನಾಣ್ಯ ಇಡುವುದು ಹೇಗೆ

ಅಜ್ಜನ ಟಿಪ್ಪು ಕಾಲದ ಆನೆ ಪೈಸೆಗಳನ್ನು (ಆನೆಯ ಚಿತ್ರವಿರುವ ತಾಮ್ರದ ನಾಣ್ಯ) ಆಲ್ಬಮ್ಮಿನಲ್ಲೇ ಇಡಲಾ, ಗಾಜಿನ ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಲಾ ಅಂತ ಕೇಳಿದ್ದೀರಿ. ನೀವಿರುವುದು ಮಂಗಳೂರು, ಹಾಗಾಗಿ ಮೊದಲು ಆ ಆಲ್ಬಮ್ ಮೂಸಿ ನೋಡಿ. ಹೊಸ ರೇನ್‌ಕೋಟಿನ ವಾಸನೆ ಬಂದರೆ ಅದು ಪಿವಿಸಿ ಅನ್ನೋ ಪ್ಲಾಸ್ಟಿಕ್, ಇವತ್ತೇ ನಾಣ್ಯಗಳನ್ನು ಹೊರಗೆ ತೆಗೆಯಿರಿ. ಸೆಖೆಗೆ ಪಿವಿಸಿ ಹಾಳಾಗುತ್ತಾ ಆಮ್ಲ ಬಿಡುತ್ತದೆ. ಆನೆಯ ಕಾಲಿನ ಸಂದಿಯಲ್ಲಿ ಅಂಟಂಟಾದ ಹಸಿರು ಕೂತಿದ್ದರೆ ಇದೇ ಕಾರಣ ಇರಬಹುದು, ಬಿಟ್ಟರೆ ತಾಮ್ರವನ್ನೇ ತಿಂದುಹಾಕುತ್ತದೆ. ಶುದ್ಧ ಅಸಿಟೋನ್ ಅನ್ನೋ ದ್ರಾವಕದಲ್ಲಿ ಅದ್ದಿಟ್ಟರೆ ಆ ಅಂಟು ಬಿಡುತ್ತದೆ, ಉಜ್ಜಬೇಡಿ, ಕಿಟಕಿ ತೆರೆದಿರಲಿ, ಬೆಂಕಿ ಹತ್ತಿರ ಬೇಡ. ಹುಣಸೆಹಣ್ಣು ಹಾಕಿ ತಿಕ್ಕುವುದಂತೂ ಬೇಡವೇ ಬೇಡ! ಆ ಕಂದು ಬಣ್ಣ ಹೋದರೆ ನಾಣ್ಯದ ಬೆಲೆಯೂ ಹೋಯಿತು.

ಮೈಲಾರ್ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಕಿಟಕಿಯ ರಟ್ಟಿನ ಹೋಲ್ಡರ್ ಸಾಕು, ಜಾಸ್ತಿ ಖರ್ಚಿಲ್ಲ. ದಪ್ಪ ಪೈಸೆಗಳಿಗೆ ಅಕ್ರಿಲಿಕ್ ಕ್ಯಾಪ್ಸೂಲ್ ವಾಸಿ. ಎಲ್ಲವನ್ನೂ ಗಾಳಿಯಾಡದ ಡಬ್ಬಿಗೆ ಹಾಕಿ, ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಇಡಿ. ಬಣ್ಣ ಬದಲಾಗುವಂಥದ್ದು ತಗೊಂಡರೆ ಯಾವಾಗ ಬದಲಿಸಬೇಕು ಅಂತ ನೋಡಿದ ಕೂಡಲೇ ತಿಳಿಯುತ್ತದೆ.

ಫ್ರೇಮ್ ನನಗೆ ಇಷ್ಟವಿಲ್ಲ. ಪ್ಲೈವುಡ್ಡು, ಅಂಟು ಎರಡೂ ಆಮ್ಲದ ಆವಿ ಬಿಡುತ್ತವೆ, ಮಳೆಗಾಲದಲ್ಲಿ ಗೋಡೆಯೂ ಒದ್ದೆ ಅಲ್ವಾ? ಎರಡೂ ಮುಖದ ಫೋಟೋ ತೆಗೆದು ದೊಡ್ಡದಾಗಿ ಪ್ರಿಂಟ್ ಹಾಕಿಸಿ ತೂಗುಹಾಕಿ, ಹಿಂಬದಿಯ ಪರ್ಷಿಯನ್ ಅಕ್ಷರದಲ್ಲಿರುವ ಟಂಕಸಾಲೆಯ ಹೆಸರೂ ಆಗ ಚೆನ್ನಾಗಿ ಕಾಣುತ್ತದೆ.